ಮಂಗಳ ಗ್ರಹದವರು ತಿಂದ ನಲವತ್ತು ಬ್ರೆಡ್ಡು

ಮಂಗಳ ಗ್ರಹದವರು ಪೋರ್ಚುಗಲ್ಲಿನ ನಮ್ಮ ಜಿಂಬ್ರಾಲ್ ಊರಿಗೆ ಬಂದಿಳಿದದ್ದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ. ಕತ್ತಲಾದ ಮೇಲೆ ಬಂದಿದ್ದರೆ ಇನ್ನಷ್ಟು ಭಯ ಹುಟ್ಟಿಸಬಹುದಿತ್ತು, ನಿಜ. ಆದರೆ ಕತ್ತಲಾದ ಮೇಲೆ ಟೀವಿಯಲ್ಲಿ ಬ್ರೆಜಿಲ್ ಧಾರಾವಾಹಿ ಬರುತ್ತದೆ. ಅದನ್ನು ಬಿಟ್ಟು ಎದ್ದುಬಂದು ಮಂಗಳದವರನ್ನು ವಿಚಾರಿಸಿಕೊಳ್ಳುವಷ್ಟು ಪುರುಸೊತ್ತು ನಮ್ಮೂರಲ್ಲಿ ಯಾರಿಗೂ ಇಲ್ಲ. ಮೂರಕ್ಕೆ ಮೊದಲು ಬರೋಣವೆಂದರೆ ಜನ ಚರ್ಚಿನಿಂದ ಬಂದು ಊಟಕ್ಕೆ ಕೂತಿರುತ್ತಾರೆ. ನಾಲ್ಕರ ಮೇಲೆ ಫುಟ್‌ಬಾಲ್ ಕಾಮೆಂಟರಿ. ಹೀಗಾಗಿ ಭೂಮಿಗೆ ಇಳಿದು, ಊರು ಸುಟ್ಟು, ಲೋಕ ಗೆದ್ದು, ಕೊನೆಗೆ ಸತ್ತುಹೋಗಲು ಆ ಬಡಪಾಯಿಗಳಿಗೆ ಸಿಕ್ಕಿದ್ದು ಒಟ್ಟು ಒಂದೇ ಗಂಟೆ.

ಈ ವೇಳಾಪಟ್ಟಿ ಹಾಕಿದವನು ಅದೆರಿತು. ನಮ್ಮ ಪಂಚಾಯಿತಿ ಕಚೇರಿಯ ಗುಮಾಸ್ತ. ವಯಸ್ಸು ಐವತ್ತೆರಡು, ಮದುವೆಯಿಲ್ಲ. ಚೌಕದಲ್ಲಿ ಕಾಫಿ ಅಂಗಡಿ ಇಟ್ಟಿರುವ ನಾನು, ಕುಶ್ತೋದಿಯು, ಅವನ ಗೆಳೆಯ. ಇದು ನಾನು ಆರಿಸಿಕೊಂಡ ಸ್ಥಾನವಲ್ಲ. ದಿನಾ ಬೆಳಿಗ್ಗೆ ಬಂದು ಎದುರಿಗೆ ಕೂರುವವನನ್ನು ಬೇರೆ ಏನೆಂದು ಕರೆಯಲಿ?

ತೊಂಬತ್ತು ವರ್ಷದ ಹಿಂದೆ ಯಾರೋ ಇಂಗ್ಲಿಷಿನವನು ಮಂಗಳದವರು ಭೂಮಿಯ ಮೇಲೆ ದಂಡೆತ್ತಿ ಬಂದ ಕಾದಂಬರಿ ಬರೆದನಂತೆ. ಅದೇ ಅದೆರಿತುವಿನ ಹುಚ್ಚು. ಪುಸ್ತಕ ಇತ್ತು, ಅದರ ಚಿತ್ರಕಥೆಗಳು ಇದ್ದವು, ಅದನ್ನು ಹಾಡಾಗಿ ಹಾಡಿದ ಗ್ರಾಮಫೋನ್ ರೆಕಾರ್ಡೂ ಇತ್ತು. ಸಿನಿಮಾವನ್ನು ಜಿಲ್ಲಾ ಪಟ್ಟಣದಲ್ಲಿ ಮೂರು ಸಲ ನೋಡಿದ್ದ. ಅಮೆರಿಕದಲ್ಲಿ ಅದನ್ನು ರೇಡಿಯೊದಲ್ಲಿ ಕೇಳಿ ಜನ ಮನೆಬಿಟ್ಟು ಓಡಿದರಂತೆ ಎಂದು ಹೇಳುವಾಗಲೆಲ್ಲ ಅವನ ಕಣ್ಣು ಒದ್ದೆಯಾಗುತ್ತಿತ್ತು.

‘ನೋಡೋ ಕುಶ್ತೋದಿಯು,’ ಎನ್ನುತ್ತಿದ್ದ. ‘ಇಂಗ್ಲಿಷಿನವನು ಅವರನ್ನ ತನ್ನ ಸೀಮೇಲಿ ಇಳಿಸ್ದ. ರೇಡಿಯೊದವರು ತಮ್ಮ ಹೊಲದಲ್ಲಿ ಇಳಿಸ್ಕೊಂಡ್ರು. ಸಿನಿಮಾದವರು ತಮ್ಮ ಬೆಟ್ಟದಲ್ಲಿ ಇಳಿಸ್ಕೊಂಡ್ರು. ನಮ್ಮ ಜಿಂಬ್ರಾಲ್ ಏನು ಪಾಪ ಮಾಡಿತ್ತು?’

‘ಇಲ್ಲಿಗೆ ಬಸ್ಸೇ ವಾರಕ್ಕೆ ಎರಡು ಸಲ ಬರೋದು ಮಾರಾಯಾ. ಅವರು ಹೆಂಗೆ ಬರ್ತಾರೆ?’

ಆದರೆ ಆ ವರ್ಷ ಪೋರ್ಚುಗಲ್ಲಿನಲ್ಲಿ ಊರಿಗೊಂದು ಕಳ್ಳ ರೇಡಿಯೊ ಹುಟ್ಟಿಕೊಂಡಿತ್ತು. ಪರವಾನಗಿ ಯಾರಿಗೂ ಇರಲಿಲ್ಲ, ಹೇಳುವುದಕ್ಕೆ ಮಾತ್ರ ಎಲ್ಲರಿಗೂ ಏನೋ ಇತ್ತು. ನಮ್ಮದು ಅಗ್ನಿಶಾಮಕ ಸ್ವಯಂಸೇವಕರ ಕಟ್ಟಡದ ಮಹಡಿಯಲ್ಲಿತ್ತು. ಅಲ್ಲಿ ತನ್ನ ನಾಟಕ ಮಾಡಿಸುತ್ತೇನೆಂದು ಅದೆರಿತು ಒಂದು ಚಳಿಗಾಲವಿಡೀ ಬರೆದ.

ಬರೆದದ್ದು ಲೋಕಕ್ಕಾಗಿ ಎಂದು ಅವನು ಹೇಳುತ್ತಿದ್ದ. ಸುಳ್ಳು. ಬರೆದದ್ದು ಫೆಲಿಜ್ಮಿನಾಳಿಗಾಗಿ.

ಫೆಲಿಜ್ಮಿನಾ ಹೊಳೆಯಾಚೆ ಫೊಂತೆಲಾದಲ್ಲಿ ಬೇಕರಿ ನಡೆಸುವ ವಿಧವೆ. ನಮ್ಮೂರಿನ ಮನೆಮನೆಯ ಬಾಗಿಲಿಗೂ ದಿನಾ ಬೆಳಿಗ್ಗೆ ಬ್ರೆಡ್ಡಿನವನು ಚೀಲ ತೂಗುಹಾಕಿ ಹೋಗುತ್ತಾನೆ. ಆದರೂ ಅದೆರಿತು ಮೂರು ವರ್ಷದಿಂದ ಸೈಕಲ್ ತುಳಿದು ಸೇತುವೆ ದಾಟಿ ಅವಳಲ್ಲಿಗೆ ಹೋಗಿ ಒಂದೇ ಒಂದು ಬ್ರೆಡ್ಡು ತರುತ್ತಿದ್ದ. ಫೊಂತೆಲಾಕ್ಕೂ ನಮಗೂ ಆಗಿಬರುವುದಿಲ್ಲ. ಜಗಳ ಯಾಕೆ ಶುರುವಾಯಿತೆಂದು ಎರಡೂ ಊರಿನಲ್ಲಿ ಯಾರಿಗೂ ನೆನಪಿಲ್ಲ, ಹಾಗಾಗಿ ನಿಲ್ಲಿಸುವುದು ಹೇಗೆಂದೂ ಗೊತ್ತಿಲ್ಲ. ಇಂಥದ್ದರಲ್ಲಿ ಅವಳು ಅವನನ್ನು ಭಾನುವಾರದ ಊಟಕ್ಕೆ ಕರೆದಿದ್ದಳು. ತಾಯಿ ದೋನಾ ಎತೆಲ್ವಿನಾಳ ಎದುರು ಕೂರಿಸಿ ಊಟ ಹಾಕುವುದೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಊಟ ನಾಟಕವಾದ ಮುಂದಿನ ಭಾನುವಾರಕ್ಕೆ ನಿಗದಿಯಾಗಿತ್ತು.

‘ಅವಳಿಗೆ ಒಂದು ಕಾಣಿಕೆ ಕೊಡ್ತೀನಿ ಕಣೋ,’ ಎಂದ ಅದೆರಿತು. ‘ನಾಟಕದ ಕೊನೇ ಎರಡು ಪುಟ ಪೂರ್ತಿ ಅವಳದ್ದು. ಕೇಳಿದ್ರೆ ಇಡೀ ಫೊಂತೆಲಾ ಎದ್ದು ನಿಲ್ಲುತ್ತೆ.’

ಇಡೀ ಫೊಂತೆಲಾ ಎದ್ದು ನಿಂತದ್ದು ನಿಜ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ತೊಂದರೆ ಶುರುವಾದದ್ದು ಪಂಚಾಯಿತಿ ಅಧ್ಯಕ್ಷ ಒರಾಸಿಯುವಿನಿಂದ. ನಮ್ಮಲ್ಲಿ ಸಂತನ ಹಬ್ಬಕ್ಕೆ ವಂತಿಗೆ ಕೊಟ್ಟವರ ಹೆಸರನ್ನು ಧ್ವನಿವರ್ಧಕದಲ್ಲಿ ಓದುತ್ತಾರೆ. ಮೊದಲು ಹೆಸರು ಬಂದವನು ದೊಡ್ಡ ಮನುಷ್ಯ, ಹೆಸರೇ ಬಾರದವನು ಆ ವರ್ಷವಿಡೀ ತಲೆತಗ್ಗಿಸಿ ಓಡಾಡಬೇಕು. ಹೀಗಾಗಿ ಮೈಕಿನಲ್ಲಿ ಹೆಸರು ಬಂತೆಂದರೆ ಮರ್ಯಾದೆ ಎಂಬುದು ನಮ್ಮ ರಕ್ತದಲ್ಲೇ ಸೇರಿಹೋಗಿದೆ. ಅದೆರಿತು ನಾಟಕದಲ್ಲಿ ಮಂಗಳದವರ ಬೆಂಕಿಕಿರಣಕ್ಕೆ ನಮ್ಮೂರಿನ ಎರಡು ಮನೆ ಸುಡಿಸಿದ್ದ. ಒಂದು ಔಷಧಿ ಅಂಗಡಿ ತಿಯೊದೊರಿಕುವಿನದು, ಇನ್ನೊಂದು ಪಶುವೈದ್ಯರದು. ಸುದ್ದಿ ಹೇಗೋ ಹೊರಬಿತ್ತು.

ಒರಾಸಿಯು ನನ್ನ ಅಂಗಡಿಗೆ ನುಗ್ಗಿದ. ‘ಏನಯ್ಯಾ ಅದೆರಿತು! ನಾನು ಹನ್ನೊಂದು ವರ್ಷದಿಂದ ಅಧ್ಯಕ್ಷ. ಲೋಕಾನೇ ಹಾಳಾಗ್ತಿರೋವಾಗ ನನ್ನ ಮನೆಗೊಂದು ಕಿಡಿನೂ ಬೀಳಲ್ವಾ?’

‘ಅಧ್ಯಕ್ಷರೇ, ಅವರು ಶತ್ರುಗಳು. ಸುಟ್ಟರೆ ನಷ್ಟ ಅಲ್ವಾ?’

‘ನಷ್ಟ ನಂದು ತಾನೆ? ನಿಂಗ್ಯಾಕೆ ಸಂಕಟ? ಮೊದಲನೇ ನಂಬರಲ್ಲಿ ಸುಡು. ಬಾಲ್ಕನಿ ಸಮೇತ.’

ಅಧ್ಯಕ್ಷರ ಮನೆ ಮೊದಲು ಸುಡುತ್ತದೆಂದು ತಿಳಿದ ತಿಯೊದೊರಿಕು ಓಡಿಬಂದ. ‘ನಂದು ಎರಡನೇದಕ್ಕೆ ಹೋಯ್ತಾ? ಆಯ್ತು, ಹೋಗ್ಲಿ. ಆದ್ರೆ ಆ ದನದ ಡಾಕ್ಟರಿಗಿಂತ ಹಿಂದೆ ಮಾತ್ರ ಸುಡಕೂಡದು, ಹೇಳಿದೀನಿ!’ ಪಶುವೈದ್ಯರು ತಾವು ಬಂದು ಕೇಳುವವರಲ್ಲ, ಹೆಂಡತಿಯನ್ನು ಕಳಿಸಿದರು. ಕೋಳಿ ಸಾಕುವ ದೋನಾ ಗ್ರಾಸಿಂದಾ ಬಂದು, ಗಂಡ ಸತ್ತವಳು ಎಂದರೆ ಮಂಗಳದವರಿಗೂ ಸಸಾರವೇ ಎಂದು ಕಣ್ಣೀರು ಹಾಕಿದಳು. ಅವಳ ಮನೆಯನ್ನೂ ಸೇರಿಸಿದೆವು. ಪಾದ್ರಿಗಳು ಚರ್ಚು ಸುಡುವುದು ಬೇಡ ಎಂದರು, ಆದರೆ ಬೆಂಕಿ ಹತ್ತಿರದ ತನಕ ಬಂದು ಹೆದರಿ ವಾಪಸು ಹೋಗಲಿ ಎಂದರು. ಅಗ್ನಿಶಾಮಕದವರು ತಮ್ಮ ಕಟ್ಟಡ ಸುಟ್ಟರೆ ನಗೆಪಾಟಲು, ಸುಡದಿದ್ದರೆ ಅವಮಾನ ಎಂದು ಎರಡು ದಿನ ಸಭೆ ಸೇರಿ, ಅರ್ಧ ಸುಡಬಹುದು ಎಂದು ತೀರ್ಮಾನಿಸಿದರು.

ಶನಿವಾರದ ಹೊತ್ತಿಗೆ ಸುಡಬೇಕಾದ ಮನೆಗಳು ಅರುವತ್ತಮೂರು. ಊರಿನಲ್ಲಿರುವುದು ಅರುವತ್ತೊಂದು. ಫ್ರಾನ್ಸಿನಲ್ಲಿ ಕೂಲಿಗಿದ್ದವರಿಬ್ಬರು ತಾವು ಇನ್ನೂ ಕಟ್ಟದ ಮನೆಯನ್ನೂ ಸೇರಿಸಿ ಎಂದು ತಂತಿ ಕಳಿಸಿದ್ದರು.

‘ನನ್ನ ಕಥೆ ಎಲ್ಲಿ ಹೋಯ್ತೋ?’ ಎಂದ ಅದೆರಿತು.

‘ಸುಟ್ಟುಹೋಯ್ತು,’ ಎಂದೆ ನಾನು.

ಬೆಂಕಿಕಿರಣದ ಸದ್ದು ನನ್ನ ಪಾಲಿಗೆ ಬಂದಿತ್ತು. ನನ್ನ ಕಾಫಿ ಮೆಷಿನ್ನಿನ ಹಬೆ ಕೊಳವೆ ತಿರುಗಿಸಿದರೆ ಬರುವ ಸದ್ದು ಈ ಲೋಕದ್ದಲ್ಲ ಎಂದು ಅದೆರಿತುವಿನ ನಂಬಿಕೆ. ಮೆಷಿನ್ನು ಮಹಡಿ ಹತ್ತುವುದಿಲ್ಲವಲ್ಲ, ಆದ್ದರಿಂದ ರೇಡಿಯೊದವರೇ ರಸ್ತೆ ಮೇಲೆ ವೈರು ಎಳೆದು ಮೈಕನ್ನು ನನ್ನ ಅಂಗಡಿಗೆ ತಂದರು. ಭಾನುವಾರ ಮೂರಕ್ಕೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

‘ಮಹನೀಯರೇ, ಮಹಿಳೆಯರೇ!’ ಎಂದು ಅದೆರಿತು ನಡುಗುವ ದನಿಯಲ್ಲಿ ಶುರುಮಾಡಿದ. ‘ನಮ್ಮ ಫುಟ್‌ಬಾಲ್ ಮೈದಾನದಲ್ಲಿ ಆಕಾಶದಿಂದ ದೊಡ್ಡದೊಂದು ಕಬ್ಬಿಣದ ಪೀಪಾಯಿ ಬಿದ್ದಿದೆ! ಅದರ ಮುಚ್ಚಳ ತೆರೆಯುತ್ತಿದೆ! ಅಯ್ಯೋ ದೇವರೇ, ಏನದು!’

ನಾನು ಹಬೆ ಬಿಟ್ಟೆ. ಬುಸ್ಸೆಂದು ಅಂಗಡಿ ತುಂಬ ಮೋಡ ಕವಿಯಿತು. ನನಗೇ ಮೈ ಜುಮ್ಮೆಂದಿತು.

‘ನಂದಕ್ಕೆ ಹಾಲು ಸ್ವಲ್ಪ ಜಾಸ್ತಿ ಹಾಕು,’ ಎಂದ ಮೂಲೆಯ ಮೇಜಿನವನೊಬ್ಬ. ಅದೂ ಪ್ರಸಾರವಾಯಿತು.

ಆಮೇಲೆ ಶುರುವಾಯಿತು ಸುಡುವ ಪಟ್ಟಿ. ಒಂದೊಂದು ಹೆಸರಿಗೂ ಒಂದು ಬುಸ್, ಒಂದು ಚಪ್ಪಾಳೆ. ಒರಾಸಿಯುವಿನ ಮನೆ ಬಾಲ್ಕನಿ ಸಮೇತ ಬೂದಿಯಾದಾಗ ಅವನು ಎದ್ದುನಿಂತು ಎಲ್ಲರಿಗೂ ಕೈಮುಗಿದ. ದೋನಾ ಗ್ರಾಸಿಂದಾ ನಡುವೆ ಬಾಯಿ ಹಾಕಿ, ‘ಕೋಳಿಗೂಡು ಹೇಳ್ಲಿಲ್ಲ!’ ಎಂದು ಕೂಗಿದಳು. ಕೋಳಿಗೂಡನ್ನು ಬೇರೆಯಾಗಿ ಸುಡಬೇಕಾಯಿತು. ಯಾರೊಬ್ಬರೂ ಹೆದರಲಿಲ್ಲ, ಯಾರೂ ಓಡಲಿಲ್ಲ. ಅದೆರಿತು ಓದುತ್ತಲೇ ಕಿಟಕಿಯ ಕಡೆ ಆಸೆಯಿಂದ ನೋಡುತ್ತಿದ್ದ. ಓಡಿಬರುತ್ತಿದ್ದವರು ಕಂಡರು, ಪಾಪ. ತಮ್ಮ ಹೆಸರು ಬಂತಾ ಎಂದು ಕೇಳುವುದಕ್ಕೆ ಓಡಿಬರುತ್ತಿದ್ದರು.

ಅರುವತ್ತಮೂರನೆಯ ಮನೆ ಸುಡುವಾಗ ಗಡಿಯಾರ ನಾಲ್ಕಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಅದೆರಿತು ಬೆವೆತುಹೋದ. ಒಂದೇ ಉಸಿರಿಗೆ ಕೊನೆಯ ಭಾಗಕ್ಕೆ ಹಾರಿದ.

‘ಲೋಕದ ಸೈನ್ಯವೆಲ್ಲ ಸೋತಿತು! ಮೂವರು ಮಂಗಳದವರು ಸೇತುವೆ ದಾಟಿ ಫೊಂತೆಲಾಕ್ಕೆ ಹೋದರು! ಹಸಿದಿದ್ದರು! ಫೆಲಿಜ್ಮಿನಾಳ ಬೇಕರಿಗೆ ನುಗ್ಗಿ ನಲವತ್ತು ಬ್ರೆಡ್ಡು ತಿಂದರು! ತಿಂದವರೇ ಬಿದ್ದರು! ಸತ್ತರು! ಯಾಕೆ ಸತ್ತರೆಂದರೆ...’

ಆಗ ನಾಲ್ಕು ಹೊಡೆಯಿತು. ಮಹಡಿಯ ಮೇಲಿದ್ದವನು ನಮ್ಮ ಮೈಕು ಮುಚ್ಚಿ ಫುಟ್‌ಬಾಲ್ ತೆರೆದ.

ಅಂಗಡಿಯ ಛಾವಣಿ ಹಾರಿಹೋಗುವಂತೆ ಕೂಗೆದ್ದಿತು. ಒರಾಸಿಯು ಅದೆರಿತುವನ್ನು ಅಪ್ಪಿಕೊಂಡ. ‘ಶಭಾಷ್ ಕಣಯ್ಯಾ! ಫಿರಂಗಿಗೆ ಸಾಯದವರು ಫೊಂತೆಲಾದ ಬ್ರೆಡ್ಡಿಗೆ ಸತ್ರು! ಇಂಥಾ ಏಟು ನಮ್ಮಪ್ಪನ ಕಾಲದಿಂದ ಯಾರೂ ಕೊಟ್ಟಿರ್ಲಿಲ್ಲ!’ ಜನ ಅವನನ್ನು ಹೆಗಲ ಮೇಲೆ ಎತ್ತಿಕೊಂಡು ಚೌಕದಲ್ಲಿ ಎರಡು ಸುತ್ತು ಹಾಕಿದರು. ಮೇಲಿಂದ ಅವನು ಓದದೆ ಉಳಿದ ಎರಡು ಪುಟ ಹಿಡಿದುಕೊಂಡು, ‘ಅಲ್ಲ, ಅಲ್ಲ, ಕೇಳಿ, ಕಾಣಿಕೆ ಇದು, ಕಾಣಿಕೆ!’ ಎಂದು ಕಿರುಚುತ್ತಿದ್ದ. ಕೇಳುವವರು ಯಾರು?

ನಾಲ್ಕೂ ಹತ್ತಕ್ಕೆ ಅಂಗಡಿಯ ಫೋನು ಬಡಿದುಕೊಂಡಿತು. ನಾನು ರಿಸೀವರನ್ನು ಅದೆರಿತುವಿನ ಕಿವಿಗೆ ಹಿಡಿದೆ. ಹಿಡಿಯದಿದ್ದರೂ ನಡೆಯುತ್ತಿತ್ತು, ಮೂರು ಮೇಜಿನಾಚೆಗೂ ಕೇಳಿಸುತ್ತಿತ್ತು.

‘ಸೆನ್ಯೋರ್ ಅದೆರಿತು! ಮೂರು ವರ್ಷ ನನ್ನ ಕೈಯ ಬ್ರೆಡ್ಡು ತಿಂದ್ರಿ. ಒಂದು ದಿನ ಹೊಟ್ಟೆ ನೋವು ಬಂತಾ? ಹೇಳಿ, ಬಂತಾ?’

‘ಇಲ್ಲ ಫೆಲಿಜ್ಮಿನಾ, ಅದು ಹಂಗಲ್ಲ...’

‘ಭಾನುವಾರ ಊಟಕ್ಕೆ ಬರ್ಬೇಡಿ. ನಮ್ಮನೇಲಿ ಉಂಡು ಸತ್ತೋದ್ರೆ ಹೂಳೋಕೆ ನಮ್ಮೂರಲ್ಲಿ ಜಾಗ ಇಲ್ಲ!’

ಫೋನು ಕುಕ್ಕಿದ ಸದ್ದಿಗೆ ಅವನು ಕುರ್ಚಿಯಲ್ಲಿ ಕುಸಿದ. ನಾನು ಬ್ರಾಂದಿ ಕೊಟ್ಟೆ. ಕುಡಿಯಲಿಲ್ಲ. ಮೂವತ್ತು ವರ್ಷದಿಂದ ಅವನನ್ನು ಬಲ್ಲೆ, ಕೊಟ್ಟ ಬ್ರಾಂದಿ ಬಿಟ್ಟವನಲ್ಲ.

ಇಷ್ಟಕ್ಕೇ ನಿಂತಿದ್ದರೆ ಒಂದು ವರ್ಷ ಕಾಲು ಹಿಡಿದಾದರೂ ಸರಿಮಾಡಬಹುದಿತ್ತು. ಆದರೆ ಮಂಗಳವಾರ ಬೆಳಿಗ್ಗೆ ನನ್ನ ಅಂಗಡಿಯೆದುರು ಒಂದು ಬಿಳಿ ಕಾರು ನಿಂತಿತು. ಜಿಲ್ಲಾ ಪಟ್ಟಣದಿಂದ ಬಂದ ಆರೋಗ್ಯ ಇಲಾಖೆಯ ಅಧಿಕಾರಿ ಬಾಲ್ತಜಾರ್ ಅದರಿಂದಿಳಿದರು. ಕೈಯಲ್ಲಿ ಫೈಲು, ಅರಗು, ಮೊಹರು. ಪಟ್ಟಣದಲ್ಲಿ ಯಾರೋ ಫುಟ್‌ಬಾಲ್ ಕೇಳಲು ಎರಡು ನಿಮಿಷ ಮೊದಲೇ ರೇಡಿಯೊ ಹಾಕಿ, ಬ್ರೆಡ್ಡು ತಿಂದು ಜನ ಸತ್ತ ಸುದ್ದಿಯನ್ನಷ್ಟೇ ಕೇಳಿ ದೂರು ಕೊಟ್ಟಿದ್ದರು. ದೂರು ಮೂರು ಮೇಜು ದಾಟಿ ಬರುವಷ್ಟರಲ್ಲಿ ಗಟ್ಟಿಯಾಗಿತ್ತು.

‘ಸತ್ತವರು ಮೂವರು. ಸರಿ ತಾನೆ?’ ಎಂದು ಕೇಳಿದರು.

‘ಮೂವರೇ ಸ್ವಾಮಿ,’ ಎಂದೆ.

‘ಈ ಊರವರಾ?’

‘ಅಲ್ಲ, ಹೊರಗಿನವರು. ತುಂಬಾ ಹೊರಗಿನವರು.’

‘ಯುರೋಪಿನ ಕೂಟಕ್ಕೆ ಸೇರಿದ ದೇಶದವರೋ, ಸೇರದವರೋ? ಫಾರಂ ಬೇರೆ ಬೇರೆ ಇದೆ.’

‘ನಾವೇ ಈ ವರ್ಷ ಸೇರಿದ್ದು ಸ್ವಾಮಿ. ಅವರು ಇನ್ನೂ ಅರ್ಜಿ ಹಾಕಿಲ್ಲ ಅನ್ಸುತ್ತೆ. ಅವರು ಮಂಗಳ ಗ್ರಹದವರು, ಅದು ನಾಟಕ!’

ಬಾಲ್ತಜಾರ್ ಕನ್ನಡಕ ತೆಗೆದು ಒರೆಸಿದರು. ‘ನೋಡಿ, ನಾಟಕವೋ ಅಲ್ಲವೋ ಅದು ಸಂಸ್ಕೃತಿ ಇಲಾಖೆಗೆ ಸೇರಿದ್ದು. ನನಗೆ ದೂರು ಬಂದಿದೆ. ಬೇಕರಿಯ ಭಟ್ಟಿಗೆ ಮೊಹರು ಹಾಕ್ಬೇಕು. ಹಿಟ್ಟು, ಹೆಪ್ಪು ಎಲ್ಲಾ ಚೆಲ್ಲಿಸ್ಬೇಕು.’

ಒಳಗೆ ಕೂತಿದ್ದ ಅದೆರಿತು ಎದ್ದುನಿಂತ. ಫೆಲಿಜ್ಮಿನಾಳ ಹೆಪ್ಪಿನ ಹಿಟ್ಟು ಅಂಗಡಿಯಿಂದ ಕೊಂಡು ತಂದದ್ದಲ್ಲ. ದೋನಾ ಎತೆಲ್ವಿನಾಳ ಅಜ್ಜಿಯ ಕಾಲದಿಂದ, ಪ್ರತಿ ಸಲ ನಾದಿದ ಹಿಟ್ಟಿನಲ್ಲಿ ಮುಂದಿನ ಸಲ ಹುದುಗಿಸಲು ಒಂದು ಮುದ್ದೆ ಉಳಿಸಿ, ಮೇಲೆ ಶಿಲುಬೆ ಗೀರಿ, ದೇವರು ನಿನ್ನನ್ನು ಹೆಚ್ಚಿಸಲಿ ಎಂದು ಹೇಳಿ ಮುಚ್ಚಿಟ್ಟು ಬಂದದ್ದು. ಚೆಲ್ಲಿದರೆ ಮತ್ತೆ ಬರುವಂಥದ್ದಲ್ಲ. ಅದೆರಿತು ಸೈಕಲ್ ಹತ್ತಿದ. ಅಧಿಕಾರಿ ಕಾರು ಹತ್ತಿದರು. ನಾನು ಅಂಗಡಿಗೆ ಬೀಗ ಹಾಕಿ ಹಿಂದೆ ಓಡಿದೆ. ನನ್ನ ಹಿಂದೆ ಜಿಂಬ್ರಾಲ್ ಪೂರ್ತಿ. ಇಷ್ಟು ಜನ ಒಟ್ಟಿಗೆ ಫೊಂತೆಲಾದ ಸೇತುವೆ ದಾಟಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

ಸುದ್ದಿ ನಮಗಿಂತ ಮೊದಲೇ ಸೇತುವೆ ದಾಟಿತ್ತು. ಬೇಕರಿಯ ಬಾಗಿಲಲ್ಲಿ ಫೆಲಿಜ್ಮಿನಾ ಭಟ್ಟಿಯಿಂದ ಬ್ರೆಡ್ಡು ತೆಗೆಯುವ ಉದ್ದನೆಯ ಹಲಗೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಇಡೀ ಫೊಂತೆಲಾ ಎದ್ದು ನಿಂತಿತ್ತು, ಮೊದಲೇ ಹೇಳಿದ್ದೆನಲ್ಲ. ಒಳಗೆ ಕುರ್ಚಿಯಲ್ಲಿ ದೋನಾ ಎತೆಲ್ವಿನಾ ಹಿಟ್ಟು ನಾದುವ ಮರದ ದೋಣಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದಳು.

‘ಒಳಗೆ ಬಂದ್ರೆ ಹುಷಾರ್!’ ಎಂದಳು ಫೆಲಿಜ್ಮಿನಾ ಅಧಿಕಾರಿಗೆ. ಅದೆರಿತುವನ್ನು ಕಂಡು ದನಿ ಇನ್ನೂ ಏರಿತು. ‘ನೀವೂ ಬಂದ್ರಾ? ನೋಡಿ ಸಂತೋಷಪಡೋಕಾ?’

ಅದೆರಿತು ಏದುಸಿರು ಬಿಡುತ್ತಾ ಬಾಲ್ತಜಾರರ ತೋಳು ಹಿಡಿದ. ‘ಸ್ವಾಮಿ, ತಿಂದವನು ಬದುಕಿದ್ರೆ? ಆಗ ಮೊಹರು ಬೇಡ ತಾನೆ?’

ಅಧಿಕಾರಿ ಫೈಲು ತಿರುವಿಹಾಕಿದರು. ‘ಅದಕ್ಕೆ ಅವಕಾಶ ಇದೆ. ಸಾಕ್ಷಿಗಳ ಎದುರು ತಿನ್ಬೇಕು, ಒಂದು ಗಂಟೆ ನಿಗಾ ಇಡ್ಬೇಕು. ಇದೋ ಫಾರಂ. ತಿಂದವನ ಹೆಸರು, ಪ್ರಮಾಣ, ಪರಿಣಾಮ.’

‘ಕೊಡಿ,’ ಎಂದ ಅದೆರಿತು.

ಎರಡೂ ಊರಿನವರು ಕುರ್ಚಿ ತಂದು ಹಾಕಿಕೊಂಡು ಕೂತರು. ಅವನು ಒಂದು ಇಡೀ ಬ್ರೆಡ್ಡು ಮುರಿದು ತಿನ್ನತೊಡಗಿದ. ಹೊರಪದರ ಗಟ್ಟಿ, ಅವನ ಗಂಟಲು ಮೊದಲೇ ಒಣಗಿತ್ತು. ಅರ್ಧ ಇಳಿಯುವಷ್ಟರಲ್ಲಿ ಮುಖ ಕೆಂಪಾಯಿತು. ಬಿಕ್ಕಳಿಕೆ ಶುರುವಾಯಿತು. ಬಾಲ್ತಜಾರ್ ಪೆನ್ನಿನ ಮುಚ್ಚಳ ತೆಗೆದರು.

‘ಸಾಯ್ತಿದ್ದಾನೆ!’ ಎಂದ ಒರಾಸಿಯು ಕುತೂಹಲ ತಡೆಯಲಾರದೆ.

‘ನೀರು ಕೊಡೇ,’ ಎಂದಳು ಎತೆಲ್ವಿನಾ.

‘ಕೊಡಲ್ಲ!’ ಎಂದಳು ಫೆಲಿಜ್ಮಿನಾ. ಎಂದವಳೇ ಒಳಗೆ ಹೋಗಿ ಒಂದು ಬಟ್ಟಲು ಎಲೆಕೋಸಿನ ಸೂಪು ತಂದು ಅವನ ಮುಂದೆ ಕುಕ್ಕಿದಳು. ಅರ್ಧ ನೆಲಕ್ಕೆ ಚೆಲ್ಲಿತು. ‘ಅದ್ದ್ಕೊಂಡು ತಿನ್ನಿ. ಕೊಂದೆ ಅಂತ ಹೆಸರು ಇನ್ನೊಂದ್ಸಲ ನಂಗೆ ಬೇಡ.’

ಅವನು ಸೂಪಿನಲ್ಲಿ ಅದ್ದಿ ತಿಂದ. ಬಾಯಿ ತುಂಬ ಬ್ರೆಡ್ಡು ಇಟ್ಟುಕೊಂಡೇ ಜೇಬಿನಿಂದ ಆ ಎರಡು ಪುಟ ತೆಗೆದು ಏನೋ ಓದಲು ಹೋದ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಕಾಗದ ಕಿತ್ತು ಅವಳ ಕೈಗೆ ಕೊಟ್ಟೆ.

ಅವಳು ನಿಂತಲ್ಲೇ ಓದಿದಳು. ತುಟಿ ಅಲ್ಲಾಡುತ್ತಿತ್ತು. ನಾನು ಪಕ್ಕದಿಂದ ಕಂಡಷ್ಟು ಓದಿಕೊಂಡೆ. ಆ ಕಾದಂಬರಿಯಲ್ಲಿ ಮಂಗಳದವರನ್ನು ಕೊನೆಗೆ ಕೊಲ್ಲುವುದು ಕಣ್ಣಿಗೆ ಕಾಣದ ಜೀವಾಣುಗಳಂತೆ. ಫಿರಂಗಿ ಮಾಡಲಾಗದ್ದನ್ನು ಅವು ಮಾಡಿದವಂತೆ. ‘ಅವು ಯಾರ ಮನೆಯವು ಎಂದು ಇಷ್ಟು ವರ್ಷದಲ್ಲಿ ಒಬ್ಬನೂ ಬರೆಯಲಿಲ್ಲ, ನಾನು ಬರೆಯುತ್ತೇನೆ, ಫೆಲಿಜ್ಮಿನಾಳ ಹೆಪ್ಪಿನವು, ಅವಳ ಮುತ್ತಜ್ಜಿಯಿಂದ ಬಂದವು, ನಮಗೆ ಅನ್ನವಾದದ್ದು ಲೋಕವನ್ನು ತಿನ್ನಲು ಬಂದವರಿಗೆ ಮೃತ್ಯುವಾಯಿತು’ ಎಂದು ಅದೆರಿತು ಬರೆದಿದ್ದ. ಎರಡನೆಯ ಪುಟ ಪೂರ್ತಿ ಅವಳ ಕೈಗಳ ಬಗ್ಗೆಯೇ ಇತ್ತು. ಅದನ್ನು ನಾನು ಓದಲಿಲ್ಲ, ನಾಚಿಕೆಯಾಯಿತು.

ಆಗ ದೋನಾ ಎತೆಲ್ವಿನಾ ಕೂತಲ್ಲಿಂದ ಕೇಳಿದಳು. ‘ಅಲ್ಲಪ್ಪಾ, ಎಷ್ಟು ಬ್ರೆಡ್ಡು ತಿಂದ್ರು ಅಂದೆ ಅವರು?’

‘ನ... ನಲವತ್ತು,’ ಎಂದು ಅದೆರಿತು ಬಿಕ್ಕಳಿಸಿದ.

‘ಮೂವರೇ?’

‘ಮೂವರೇ.’

ಮುದುಕಿ ಎರಡೂ ಊರಿನವರನ್ನು ಒಮ್ಮೆ ಸುತ್ತಲೂ ನೋಡಿದಳು. ‘ರುಚಿ ಇಲ್ದೆ ತಿಂದ್ರಾ?’

ಫೊಂತೆಲಾದವರು ಮೊದಲು ನಕ್ಕರು. ಆಮೇಲೆ ನಮ್ಮವರೂ ನಕ್ಕರು, ಒರಾಸಿಯು ಒಬ್ಬನನ್ನು ಬಿಟ್ಟು. ಅಷ್ಟು ದೂರದಿಂದ ಬಂದವರು ಜಿಂಬ್ರಾಲನ್ನು ಸುಟ್ಟರು, ಊಟಕ್ಕೆ ಮಾತ್ರ ಫೊಂತೆಲಾಕ್ಕೆ ಹೋದರು ಎಂಬುದು ಅವನಿಗೆ ಆಗ ಹೊಳೆದಿತ್ತು. ಅವನ ಮುಖ ನೋಡಬೇಕಿತ್ತು.

ಗಂಟೆ ತುಂಬಿತು. ಬಾಲ್ತಜಾರ್ ಗಡಿಯಾರ ನೋಡಿ ಫಾರಂ ಮುಂದೆಳೆದುಕೊಂಡರು. ‘ಹೆಸರು ಬರ್ಕೊಂಡೆ. ಪ್ರಮಾಣ, ಒಂದು ಬ್ರೆಡ್ಡು. ಪರಿಣಾಮ... ಏನು ಬರೀಲಿ?’

ಅದೆರಿತು ಬಟ್ಟಲನ್ನೇ ನೋಡುತ್ತಿದ್ದ. ಫೆಲಿಜ್ಮಿನಾ ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹಿಟ್ಟಾದ ಕೈಯಿಂದಲೇ ಮೂಗು ಒರೆಸಿಕೊಂಡಳು.

‘ಸಾಯ್ಲಿಲ್ಲ, ಮದುವೆ ಆಗ್ತಾನೆ ಅಂತ ಬರೀರಿ.’

ಅಧಿಕಾರಿ ಶ್ರದ್ಧೆಯಿಂದ ಬರೆದುಕೊಂಡು ತಲೆಯೆತ್ತಿದರು. ‘ಯಾರ ಜೊತೆ?’

‘ಮಂಗಳ ಗ್ರಹದವರನ್ನ ಕೊಂದವಳ ಜೊತೆ,’ ಎಂದಳು ಫೆಲಿಜ್ಮಿನಾ.